ತೋಬಾಗೆ ಹೋಗುವ ಮೊದಲು ತೋನ್ಸೆಗೆ ಬನ್ನಿ

ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ ನೆಲೆಸಿ, ಮಕ್ಕಳ ರಜೆಗೆ ಊರಿಗೆ ಬರುವ ಉಡುಪಿ ಕಡೆಯ ಕುಟುಂಬಗಳಿಗೆ,



ಏಪ್ರಿಲ್ ಕೊನೆ ಬಂತೆಂದರೆ ನಮ್ಮೂರು ತೋನ್ಸೆಯ ಎಷ್ಟೋ ಮನೆಗಳ ಬೀಗ ತೆರೆಯುತ್ತದೆ. ವರ್ಷವಿಡೀ ಮುಚ್ಚಿದ್ದ ಕಿಟಕಿಗಳಲ್ಲಿ ಬೆಳಕು ಕಾಣುತ್ತದೆ, ಅಂಗಳದಲ್ಲಿ ಮಕ್ಕಳ ಸ್ವರ ಕೇಳುತ್ತದೆ. ಕುಟುಂಬದ ದೈವಕ್ಕೆ ಕೋಲ, ನಾಗನಿಗೆ ತಂಬಿಲ, ನಡುವೆ ಮದುವೆ, ಗೃಹಪ್ರವೇಶ. ಇಷ್ಟು ಮುಗಿಯುವಾಗ ಅರ್ಧ ರಜೆ ಕಳೆದಿರುತ್ತದೆ. ಉಳಿದ ದಿನಗಳಿಗೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದೆಂಬ ಮಾತು ಆಗ ಏಳುತ್ತದೆ. ಮಲ್ಪೆ ಬೀಚ್ ನೋಡಿಯಾಗಿದೆ, ಕೃಷ್ಣ ಮಠಕ್ಕೆ ಹೋಗಿಯಾಗಿದೆ, ಇನ್ನು ಇಲ್ಲಿ ಏನಿದೆ ಎನ್ನುತ್ತೀರಿ. ಈಚೆಗೆ ನಿಮ್ಮಲ್ಲಿ ಹಲವರ ಬಾಯಲ್ಲಿ ಇಂಡೋನೇಷ್ಯಾದ ಹೆಸರು ಕೇಳುತ್ತಿದ್ದೇನೆ. ಬಾಲಿ ಆಯಿತು, ಈಗ ಸುಮಾತ್ರಾದ ತೋಬಾ ಸರೋವರ. ಜ್ವಾಲಾಮುಖಿಯ ಬಾಯಲ್ಲಿ ನಿಂತ ನೀರು, ನೀರಿನ ನಡುವೆ ದ್ವೀಪ, ದ್ವೀಪದಲ್ಲಿ ಹಳ್ಳಿಗಳು. ಒಂದು ಕಾಲದಲ್ಲಿ ನನ್ನ ಬಳಿ ಭೂಗೋಳ ಓದಿದ ಕೆಲವರು ಫೋನ್ ಮಾಡಿ ಅದರ ಬಗ್ಗೆ ವಿಚಾರಿಸಿದ್ದೂ ಉಂಟು. ಒಬ್ಬೊಬ್ಬರಿಗೆ ಹೇಳುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ತೋಬಾ ನೋಡಬೇಕಾದ ಜಾಗವೇ. ಸುಮಾರು 74,000 ವರ್ಷಗಳ ಹಿಂದೆ ಅಲ್ಲಿ ಆದ ಸ್ಫೋಟ ಕಳೆದ 20 ಲಕ್ಷ ವರ್ಷಗಳಲ್ಲಿ ಭೂಮಿ ಕಂಡ ಅತಿ ದೊಡ್ಡ ಸ್ಫೋಟಗಳಲ್ಲಿ ಒಂದು. ಒಳಗಿದ್ದ ಶಿಲಾರಸ ಹೊರಗೆ ಚಿಮ್ಮಿದ ಮೇಲೆ ಮೇಲಿನ ನೆಲ ಕುಸಿಯಿತು. ಆ ಗುಂಡಿಯಲ್ಲಿ ನೀರು ತುಂಬಿ ಸುಮಾರು 100 ಕಿಲೋಮೀಟರ್ ಉದ್ದದ, 500 ಮೀಟರಿಗೂ ಹೆಚ್ಚು ಆಳದ ಸರೋವರವಾಯಿತು. ಆಮೇಲೆ ಒಳಗಿನ ಒತ್ತಡಕ್ಕೆ ತಳವೇ ಮೇಲೆದ್ದು ಸಮೋಸಿರ್ ದ್ವೀಪವಾಯಿತು. ಅಲ್ಲಿ ಬಟಕ್ ಜನರ ಹಳ್ಳಿಗಳಿವೆ, ಎರಡೂ ತುದಿ ಮೇಲೆದ್ದ ಮಾಡಿನ ಮರದ ಮನೆಗಳಿವೆ. 2020ರಲ್ಲಿ ಯುನೆಸ್ಕೊ ತೋಬಾವನ್ನು ಜಾಗತಿಕ ಭೂ ಉದ್ಯಾನವೆಂದು ಗುರುತಿಸಿತು.

ಹೋಗುವವರು ಮಕ್ಕಳಿಗೆ ಇನ್ನೊಂದು ಸಂಗತಿಯನ್ನೂ ಹೇಳಿ. ತೋಬಾದ ಬೂದಿ ನಮ್ಮ ದೇಶಕ್ಕೂ ಬಂದು ಬಿದ್ದಿದೆ. ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರದಲ್ಲಿ ಆ ಬೂದಿಯ ಪದರ ಸಿಕ್ಕಿತು. ಅಲ್ಲಿ ಕೆಲಸ ಮಾಡಿದವರಲ್ಲಿ ಮುಖ್ಯರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಕ್ತನಶಾಸ್ತ್ರಜ್ಞ ರವಿ ಕೋರಿಶೆಟ್ಟರ್. ಬೂದಿಯ ಕೆಳಗೂ ಮೇಲೂ ಮನುಷ್ಯರು ಮಾಡಿದ ಕಲ್ಲಿನ ಉಪಕರಣಗಳು ಸಿಕ್ಕವು. ಅಷ್ಟು ದೊಡ್ಡ ಉತ್ಪಾತದ ಮೊದಲೂ ಆಮೇಲೂ ಅಲ್ಲಿ ಜನ ಇದ್ದರೆಂದು ಕೋರಿಶೆಟ್ಟರ್, ಮೈಕೆಲ್ ಪೆಟ್ರಾಗ್ಲಿಯಾ ಮತ್ತು ಸಂಗಡಿಗರು 2007ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಅದೇ ಬೂದಿ ನಮ್ಮ ಅರಬ್ಬಿ ಸಮುದ್ರದ ತಳದ ಹೂಳಿನಲ್ಲೂ ಪತ್ತೆಯಾಗಿದೆ. ಸುಮಾತ್ರಾ ನಾವು ಅಂದುಕೊಂಡಷ್ಟು ದೂರದ ಊರಲ್ಲ.

ಆದರೂ ನಿಮ್ಮ ಮಕ್ಕಳು ತೋಬಾದ ದಡದಲ್ಲಿ ನಿಂತು ಬೆಂಕಿಯಿಂದ ಹುಟ್ಟಿದ ಕಲ್ಲನ್ನು ಮೊದಲ ಸಲ ನೋಡುವುದು ನನಗೆ ಸರಿ ಕಾಣುವುದಿಲ್ಲ. ಅವರ ಅಜ್ಜಿಯ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ, ಮಲ್ಪೆಯ ಎದುರಿಗೆ, ಅದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು ಹಳೆಯ ಜ್ವಾಲಾಮುಖಿಯ ಕಲ್ಲು ಇದೆ. ನೀರಿನ ನಡುವೆ ಹಳ್ಳಿಗಳೂ ಇವೆ. ಎರಡೂ ನಿಮ್ಮದೇ.

ಸೇಂಟ್ ಮೇರೀಸ್ ಎಂದು ಬೋರ್ಡಿನಲ್ಲಿ ಬರೆದ ದ್ವೀಪಕ್ಕೆ ನಮ್ಮ ಹಿರಿಯರು ತೋನ್ಸೆಪಾರ್ ಎನ್ನುತ್ತಿದ್ದರು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ಇಲ್ಲಿ ಇಳಿದು ಮೇರಿ ಮಾತೆಯ ಹೆಸರಿಟ್ಟ ಎಂಬ ಕತೆ ಎಲ್ಲರಿಗೂ ಗೊತ್ತು, ಗೈಡುಗಳು ಅದನ್ನೇ ಮೊದಲು ಹೇಳುತ್ತಾರೆ. ನನಗೆ ಆ ಕತೆಗಿಂತ ಕಲ್ಲಿನ ಕತೆ ದೊಡ್ಡದು. ಸುಮಾರು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳ ಹಿಂದೆ ನಮ್ಮ ಈ ಕರಾವಳಿಯ ಎದುರಿಗೆ ಸಮುದ್ರ ಇರಲಿಲ್ಲ, ಮಡಗಾಸ್ಕರ್ ಇತ್ತು. ಎರಡು ನೆಲಗಳೂ ಒಂದಕ್ಕೊಂದು ಅಂಟಿಕೊಂಡಿದ್ದವು. ಅವು ಬೇರೆಯಾಗುವ ಹೊತ್ತಿಗೆ ಬಿರುಕುಗಳಿಂದ ಶಿಲಾರಸ ಉಕ್ಕಿ ಹರಿಯಿತು. ಆ ರಸದ ಉಳಿದ ತುಂಡೇ ತೋನ್ಸೆಪಾರ್. ಇಂದು ಮಲ್ಪೆಯ ದಡದಿಂದ ನೇರ ಪಡುವಣಕ್ಕೆ ನೋಡಿದರೆ ಕಾಣುವ ನೀರೆಲ್ಲ ಆ ಅಗಲಿಕೆಯ ನಂತರ ಬಂದದ್ದು.

ಬಹಳ ಮಂದಿ ದ್ವೀಪದ ಕಲ್ಲನ್ನು ಬೆಳಗಾವಿ, ವಿಜಯಪುರ, ಬೀದರ್ ಕಡೆಯ ಕಪ್ಪು ಬಸಾಲ್ಟಿನ ಜೊತೆ ಸೇರಿಸಿ ಹೇಳುತ್ತಾರೆ. ಅದು ತಪ್ಪು. ದಖ್ಖನಿನ ಆ ಪದರಗಳಿಗೆ ಸುಮಾರು ಆರೂವರೆ ಕೋಟಿ ವರ್ಷ. ನಮ್ಮ ದ್ವೀಪ ಅದಕ್ಕಿಂತ ಎರಡು ಕೋಟಿ ವರ್ಷ ದೊಡ್ಡದು. ಕಲ್ಲಿನ ಜಾತಿಯೂ ಬೇರೆ. ಇದು ಸಿಲಿಕಾ ಹೆಚ್ಚಿರುವ ರಯೋಲೈಟ್ ಮತ್ತು ಡೇಸೈಟ್. ಕಂಬಗಳಂಥ ಕಲ್ಲುಗಳೆಂದರೆ ಲೋಕವೆಲ್ಲ ಉತ್ತರ ಐರ್ಲೆಂಡಿನ ಜಯಂಟ್ಸ್ ಕಾಸ್‌ವೇ ನೆನೆಯುತ್ತದೆ, ಅದು ಬಸಾಲ್ಟ್. ರಯೋಲೈಟ್ ಜಾತಿಯ ಕಲ್ಲಿನಲ್ಲಿ ಇಷ್ಟು ಚೊಕ್ಕ ಕಂಬಗಳು ಏಳುವುದು ಅಪರೂಪ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ಕರ್ನಾಟಕದಲ್ಲಿ ಅಂಥವು ನಾಲ್ಕೇ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಅವುಗಳಲ್ಲಿ ಒಂದು. ಬೆಂಗಳೂರಿನವರೇ, ನೀವು ಭಾನುವಾರ ಹತ್ತುವ ಬಂಡೆಗೂ ಊರಿನ ದ್ವೀಪಕ್ಕೂ ಒಂದೇ ಗೌರವ ಸಿಕ್ಕಿದೆ.

ಕಂಬಗಳು ಹೇಗೆ ಆದವು ಎಂದು ಮಕ್ಕಳು ಖಂಡಿತ ಕೇಳುತ್ತಾರೆ. ಯಾರೋ ಕಡಿದು ನಿಲ್ಲಿಸಿದರೆ ಎಂದೂ ಕೇಳುತ್ತಾರೆ, ಅಷ್ಟು ಅಚ್ಚುಕಟ್ಟಾಗಿವೆ. ಕೊಯ್ಲಾದ ಮೇಲೆ ಗದ್ದೆಯ ಕೆಸರು ಒಣಗಿ ಬಿರಿಯುವುದನ್ನು ತೋರಿಸಿ. ನೀರು ಆರಿದಾಗ ಕೆಸರು ಕುಗ್ಗುತ್ತದೆ, ಕುಗ್ಗಿದಾಗ ಬಿರುಕು ಬಿಡುತ್ತದೆ, ಬಿರುಕುಗಳು ಒಂದನ್ನೊಂದು ಕೂಡಿ ಐದು, ಆರು ಮೂಲೆಯ ಬಿಲ್ಲೆಗಳಾಗುತ್ತವೆ. ಶಿಲಾರಸ ತಣಿದು ಕುಗ್ಗುವಾಗಲೂ ಆದದ್ದು ಅದೇ. ಮೇಲ್ಮೈಯಲ್ಲಿ ಆರಂಭವಾದ ಬಿರುಕು ಶಾಖ ಇಳಿದಂತೆ ಒಳಗೊಳಗೆ ಇಳಿಯಿತು. ಅದಕ್ಕೇ ಬಿಲ್ಲೆ ಕಂಬವಾಯಿತು. ಕಂಬ ಯಾವ ಕಡೆಗೆ ವಾಲಿದೆ ಎಂದು ನೋಡಿದರೆ ರಸ ಯಾವ ಕಡೆಯಿಂದ ತಣಿಯಿತೆಂದು ಊಹಿಸಬಹುದು. ಮಕ್ಕಳ ಕೈಗೆ ಒಂದು ನೋಟ್‌ಬುಕ್ ಕೊಟ್ಟು, ಐದು ಮೂಲೆಯವು ಎಷ್ಟು, ಆರು ಮೂಲೆಯವು ಎಷ್ಟು, ಏಳು ಮೂಲೆಯವು ಇವೆಯೇ ಎಂದು ಎಣಿಸಲು ಬಿಡಿ. ಒಂದು ಗಂಟೆ ಹೋದದ್ದೇ ತಿಳಿಯುವುದಿಲ್ಲ. ದಡದಲ್ಲಿ ಮರಳಿಗಿಂತ ಚಿಪ್ಪಿನ ಚೂರೇ ಹೆಚ್ಚು, ಅದನ್ನೂ ಕೈಯಲ್ಲಿ ಹಿಡಿದು ನೋಡಲಿ. ನೋಡಿ ಅಲ್ಲಿಯೇ ಬಿಡಲಿ, ಡಬ್ಬಿ ತುಂಬಿಸಿ ತರುವುದು ಬೇಡ. ಕಲ್ಲಿನ ಮೇಲೆ ಹೆಸರು ಕೆತ್ತುವವರನ್ನು ಕಂಡರೆ ದಯವಿಟ್ಟು ತಡೆಯಿರಿ. ಪಾಪ ಪ್ರವಾಸಿಗರು ಎಂದು ಸುಮ್ಮನಿರಬೇಡಿ, ನೀವು ಇಲ್ಲಿಯವರು.

ನೀರಿನ ವಿಷಯದಲ್ಲಿ ನನ್ನ ಮಾತು ಕಟುವಾದರೂ ಕೇಳಿ. 2022ರ ಏಪ್ರಿಲ್‌ನಲ್ಲಿ ಕೇರಳದ ಕಾಲೇಜೊಂದರಿಂದ ಪ್ರವಾಸ ಬಂದ ವಿದ್ಯಾರ್ಥಿಗಳು ಈ ದ್ವೀಪದ ಬಂಡೆಗಳ ಬಳಿ ಸಮುದ್ರಕ್ಕೆ ಬಿದ್ದು ಪ್ರಾಣ ಕಳೆದುಕೊಂಡರು. ಪಾಚಿ ಹಿಡಿದ ಕಂಬದ ಮೇಲೆ ಫೋಟೊಗೆಂದು ನಿಲ್ಲುವ ಮಕ್ಕಳನ್ನು ಕೈ ಹಿಡಿದು ಕೆಳಗಿಳಿಸಿ. ಕಾವಲಿನವರು ಸೀಟಿ ಊದಿದರೆ ಅವರ ಜೊತೆ ವಾದಕ್ಕೆ ಇಳಿಯಬೇಡಿ. ದೋಣಿಯಲ್ಲಿ ಲೈಫ್ ಜಾಕೆಟ್ ಕೊಡದಿದ್ದರೆ ಹತ್ತಬೇಡಿ, ಜನ ಹೆಚ್ಚಾದರೆ ಇಳಿದುಬಿಡಿ. ತೋಬಾದಲ್ಲೂ 2018ರ ಜೂನ್‌ನಲ್ಲಿ ಮಿತಿಮೀರಿ ಜನ ತುಂಬಿದ್ದ ದೋಣಿ ಮುಳುಗಿ ನೂರಕ್ಕೂ ಹೆಚ್ಚು ಮಂದಿ ಹೋದರು. ಅವರಲ್ಲಿ ಬಹಳ ಜನ ರಜೆಯಲ್ಲಿ ಹೊರಟವರೇ.

ಇಷ್ಟು ಕಲ್ಲಿನ ಮಾತು. ಇನ್ನು ಹಳ್ಳಿಗಳ ಮಾತಿಗೆ ಬರುತ್ತೇನೆ, ಈ ಪತ್ರ ಬರೆಯಲು ಕೂತದ್ದು ಮುಖ್ಯವಾಗಿ ಅದಕ್ಕೇ.

ಒಂದು ಸಂಜೆ ಮಕ್ಕಳನ್ನು ಮಣಿಪಾಲದ ಎಂಡ್ ಪಾಯಿಂಟಿಗೆ ಕರೆದುಕೊಂಡು ಹೋಗಿ. ಅಲ್ಲಿಂದ ಕೆಳಗೆ ತಿರುತಿರುಗಿ ಹರಿಯುವ ಸ್ವರ್ಣಾ ನದಿ ಕಾಣುತ್ತದೆ, ಆಚೆ ಸಮುದ್ರದ ಗೆರೆ. ಈ ನದಿ ಕಾರ್ಕಳ ತಾಲೂಕಿನ ಘಟ್ಟದ ಬುಡದಿಂದ ಇಳಿದು, ಎಣ್ಣೆಹೊಳೆ ದಾಟಿ, ಬಜೆಯ ಅಣೆಕಟ್ಟಿನಲ್ಲಿ ಉಡುಪಿ ಮಣಿಪಾಲಕ್ಕೆ ಕುಡಿಯುವ ನೀರು ಕೊಟ್ಟು, ಕಲ್ಯಾಣಪುರ ಕೆಮ್ಮಣ್ಣು ಬಳಸಿ, ಕೋಡಿ ಬೆಂಗ್ರೆಯ ಅಳಿವೆಯಲ್ಲಿ ಸೀತಾ ನದಿಯೊಂದಿಗೆ ಸಮುದ್ರ ಸೇರುತ್ತದೆ. ಘಟ್ಟದಿಂದ ತಂದ ಮಣ್ಣನ್ನು ಹೊಳೆ ಎಲ್ಲಿ ನಿಧಾನವಾಗುತ್ತದೋ ಅಲ್ಲಿ ಬಿಡುತ್ತದೆ. ಹಾಗೆ ಬಿಟ್ಟ ಮಣ್ಣಿನ ಮೇಲೆ ತೆಂಗು ಎದ್ದು, ಮನೆ ಎದ್ದು, ದೈವಸ್ಥಾನ ಎದ್ದು ಕುದ್ರುಗಳಾದವು. ತಿಮ್ಮಣ್ಣಕುದ್ರು, ಪಡುಕುದ್ರು ಹೀಗೆ ಒಂದೊಂದಕ್ಕೂ ಹೆಸರು. ಉತ್ತರಕ್ಕೆ ಹೋದರೆ ಹೆಮ್ಮಾಡಿಯ ಬಳಿ ಉಪ್ಪಿನಕುದ್ರು. ಕೊಗ್ಗ ಕಾಮತರ ಮನೆತನ ತಲೆಮಾರುಗಳಿಂದ ಯಕ್ಷಗಾನದ ಗೊಂಬೆ ಆಡಿಸಿಕೊಂಡು ಬಂದದ್ದು ಆ ಕುದ್ರುವಿನಲ್ಲಿ. ಅವರ ಗೊಂಬೆಮನೆಯಲ್ಲಿ ಆಟ ಇರುವ ದಿನ ಕೇಳಿಕೊಂಡು ಮಕ್ಕಳನ್ನು ಕರೆದೊಯ್ಯಿರಿ. ಸಮೋಸಿರ್‌ನಲ್ಲೂ ಪ್ರವಾಸಿಗರಿಗೆ ಮರದ ಗೊಂಬೆ ಕುಣಿಸಿ ತೋರಿಸುತ್ತಾರೆ. ನಮ್ಮಲ್ಲಿ ಅದು ಸೂತ್ರದ ಗೊಂಬೆ, ಬಡಗುತಿಟ್ಟಿನ ವೇಷ, ಹಿಂದೆ ಭಾಗವತರು, ಚೆಂಡೆ, ಮದ್ದಳೆ.

ಕುದ್ರುವಿನ ಬದುಕನ್ನು ಒಂದು ಫೋಟೊದಲ್ಲಿ ಹಿಡಿಯಲಾಗುವುದಿಲ್ಲ. ಕುದ್ರುವಿಗೆ ದಾಟುವ ಕೆಮ್ಮಣ್ಣಿನ ತೂಗುಸೇತುವೆಗೆ ದಿನಾ ಕಾರುಗಳು ಬರುತ್ತವೆ. ಸೇತುವೆಯ ನಡುವೆ ನಿಂತು, ಅದನ್ನು ಅಲ್ಲಾಡಿಸಿ, ವಿಡಿಯೊ ಮಾಡಿ, ಆಚೆ ದಡಕ್ಕೆ ಕಾಲಿಡದೆ ಜನ ಮರಳುತ್ತಾರೆ. ಅದೇ ಸೇತುವೆಯ ಮೇಲೆ ಶಾಲೆಗೆ ಹೋಗುವ ಮಕ್ಕಳು, ಹಾಲಿನ ಕ್ಯಾನು ಹಿಡಿದವರು, ಬಾಣಂತಿಯನ್ನು ನೋಡಲು ಹೊರಟ ಅಮ್ಮಂದಿರು ನಡೆಯಬೇಕು. ಅದು ಅವರ ರಸ್ತೆ. ನೀವು ಹೋದರೆ ದಾರಿ ಬಿಟ್ಟು ನಿಲ್ಲಿ. ಆಚೆ ದಾಟಿ ನಾಲ್ಕು ಹೆಜ್ಜೆ ನಡೆಯಿರಿ. ಎದುರಿಗೆ ಸಿಕ್ಕವರನ್ನು ಮಾತಾಡಿಸಿ, ನಿಮಗೆ ತುಳು ಬರುತ್ತದೆ, ಕೊಂಕಣಿ ಬರುತ್ತದೆ. ಯಾರ ಮನೆ ಎಂದು ಅವರು ಕೇಳುತ್ತಾರೆ. ಹಿರಿಯರ ಹೆಸರು ಹೇಳಿದರೆ ಸಂಬಂಧವೂ ಹೊರಬೀಳಬಹುದು. ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕುವವರನ್ನು ಮಕ್ಕಳು ನೋಡಲಿ. ದಿನಕ್ಕೆ ಎರಡು ಸಲ ಹೊಳೆಯ ನೀರು ಏರಿ ಇಳಿಯುವುದನ್ನು, ಅದಕ್ಕೆ ಸರಿಯಾಗಿ ಬಲೆಯವರ ಹೊತ್ತುಗೊತ್ತು ಬದಲಾಗುವುದನ್ನು, ದಂಡೆಯ ಕಾಂಡ್ಲಾ ಗಿಡಗಳ ಬೇರುಗಳ ನಡುವೆ ಮೀನಿನ ಮರಿಗಳು ಅಡಗುವುದನ್ನು ನೋಡಲಿ. ಇದಕ್ಕೆ ಅರ್ಧ ದಿನ ಕೂತು ನೋಡುವ ತಾಳ್ಮೆ ಸಾಕು.

ಕೋಡಿ ಬೆಂಗ್ರೆಗೂ ಹೋಗಿ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಹೊಳೆ, ನಡುವೆ ಒಂದು ರಸ್ತೆ, ಅದರ ಎರಡೂ ಕಡೆ ಮನೆಗಳು. ಮಲ್ಪೆಯ ಪಡುಕೆರೆಯೂ ಹಾಗೆಯೇ, ಕಾಪು ತಾಲೂಕಿನ ಮಟ್ಟುವೂ ಹಾಗೆಯೇ. ಮಟ್ಟುವಿನ ಗುಳ್ಳ ಬದನೆಯನ್ನು ನೀವು ಪೇಟೆಯಲ್ಲಿ ಹೆಚ್ಚು ದುಡ್ಡು ಕೊಟ್ಟು ಕೊಳ್ಳುತ್ತೀರಿ. ವಾದಿರಾಜರು ಕೊಟ್ಟ ಬೀಜವೆಂದು ಊರು ನಂಬಿರುವ ಆ ಬೆಳೆಗೆ 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಕಡಲಿಗೂ ಹೊಳೆಗೂ ನಡುವಿನ ಆ ಮಣ್ಣಿನಲ್ಲಿ ಬಂದ ರುಚಿ ಬೇರೆ ಕಡೆ ಬರುವುದಿಲ್ಲ ಎಂದು ಬೆಳೆಯುವವರು ಹೇಳುತ್ತಾರೆ. ಮಟ್ಟುವಿನವರೆಗೆ ಹೋದರೆ ಕಾಪು ದೀಪಸ್ತಂಭ ಹತ್ತಿರವೇ ಇರುತ್ತದೆ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ್ದು. ಸಂಜೆ ಮೇಲೆ ಹತ್ತಲು ಬಿಟ್ಟರೆ ಹತ್ತಿ, ಕರಾವಳಿಯ ಗೆರೆ ಎಷ್ಟು ಸಪೂರವೆಂದು ಮಕ್ಕಳಿಗೆ ಅಲ್ಲಿ ಅರ್ಥವಾಗುತ್ತದೆ.

ಈಗ ಕುದ್ರುವಿನ ಬಾವಿಯ ಮಾತಿಗೆ ಬರೋಣ.

ಸುತ್ತ ಉಪ್ಪು ನೀರು ಇರುವ ಕುದ್ರುವಿನ ಬಾವಿಯಲ್ಲಿ ಸಿಹಿನೀರು ಹೇಗೆ ಬಂತು? ನೀವು ಚಿಕ್ಕಂದಿನಲ್ಲಿ ಆ ನೀರು ಕುಡಿದವರು, ಬಹುಶಃ ಕೇಳಿಕೊಂಡಿರಲಿಕ್ಕಿಲ್ಲ. ಮಳೆಯ ನೀರು ಮರಳಿನಲ್ಲಿ ಇಂಗಿ ಕೆಳಗೆ ಹೋಗುತ್ತದೆ. ಉಪ್ಪು ನೀರಿಗಿಂತ ಸಿಹಿನೀರು ಹಗುರ. ಹಾಗಾಗಿ ಅದು ನೆಲದೊಳಗಿನ ಉಪ್ಪು ನೀರಿನ ಮೇಲೆ ತೇಲುತ್ತ ನಿಲ್ಲುತ್ತದೆ. ನಡುವೆ ದಪ್ಪ, ಅಂಚಿನಲ್ಲಿ ತೆಳು. ಲೆಕ್ಕ ಹೀಗಿದೆ: ಸಮುದ್ರಮಟ್ಟಕ್ಕಿಂತ 1 ಅಡಿ ಎತ್ತರ ಸಿಹಿನೀರು ನಿಂತರೆ, ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರಿಗೆ ಆಸರೆ ಸಿಗುತ್ತದೆ. ಇದು ಒಳ್ಳೆಯ ಸುದ್ದಿ. ಇದನ್ನೇ ತಿರುಗಿಸಿ ನೋಡಿ. ಪಂಪು ಇಟ್ಟು ಬಾವಿಯ ಮಟ್ಟವನ್ನು 1 ಅಡಿ ಇಳಿಸಿದರೆ ಕೆಳಗಿನ ಉಪ್ಪು ನೀರು ಅದರ ಎಷ್ಟೋ ಪಟ್ಟು ಮೇಲೆ ಬರಲು ದಾರಿ ಆಗುತ್ತದೆ. ಒಮ್ಮೆ ಉಪ್ಪಾದ ಬಾವಿ ಮರುದಿನ ಸಿಹಿಯಾಗುವುದಿಲ್ಲ. ಒಳ್ಳೆಯ ಮಳೆಗಾಲ ಬರಬೇಕು, ಕೆಲವೊಮ್ಮೆ ಒಂದು ಮಳೆಗಾಲವೂ ಸಾಲದು. ಸಿಹಿನೀರಿನ ಈ ಪದರ ವರ್ಷದಲ್ಲಿ ಅತಿ ತೆಳುವಾಗಿರುವುದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ.

ನೀವು ಬರುವುದು ಅದೇ ತಿಂಗಳಲ್ಲಿ. ನಿಮ್ಮ ಹಿಂದೆಯೇ ಪ್ರವಾಸಿಗರೂ ಬರುತ್ತಾರೆ. ಹಿಂದೆ ಅಜ್ಜ ಅಜ್ಜಿ ಇಬ್ಬರು, ಕೊಡಪಾನದಲ್ಲಿ ಸೇದಿದ ನೀರು, ಒಂದು ಹಟ್ಟಿ, ಒಂದು ಬಸಳೆ ಚಪ್ಪರ ಇದ್ದ ಮನೆಗೆ ಈಗ ಹೋಂಸ್ಟೇ ಬೋರ್ಡು ಬಿದ್ದಿದೆ. ಹತ್ತು ಮಂದಿ ಅತಿಥಿಗಳು, ತಲೆಗೆ 100 ಲೀಟರೆಂದು ಕಡಿಮೆಯಲ್ಲೇ ಹಿಡಿದರೂ ದಿನಕ್ಕೆ 1,000 ಲೀಟರ್. ಇನ್ನು ಕೆಲವರು ಅಂಗಳದಲ್ಲಿ ಈಜುಕೊಳ ಕಟ್ಟುವ ಯೋಚನೆಯಲ್ಲಿದ್ದಾರೆ. 5 ಮೀಟರ್ ಉದ್ದ, 4 ಮೀಟರ್ ಅಗಲ, 1.2 ಮೀಟರ್ ಆಳದ ಒಂದು ಚಿಕ್ಕ ಕೊಳಕ್ಕೇ 24,000 ಲೀಟರ್ ಬೇಕು. ಸುತ್ತ ಹೊಳೆ, ಐದು ನಿಮಿಷ ನಡೆದರೆ ಕಡಲು. ಅಂಥಲ್ಲಿ ನೆಲದೊಳಗಿನ ಸಿಹಿನೀರನ್ನು ಎತ್ತಿ ಅತಿಥಿಗಳ ಆಟಕ್ಕೆ ತುಂಬಿಸುವುದು ಅನ್ಯಾಯ. ಬಾವಿ ನಿಮ್ಮ ಕಂಪೌಂಡಿನ ಒಳಗಿರಬಹುದು, ಕೆಳಗಿನ ನೀರಿಗೆ ಕಂಪೌಂಡು ಇಲ್ಲ. ನಿಮ್ಮ ಪಂಪು ಎಳೆದದ್ದು ನೆರೆಮನೆಯ ಒಬ್ಬಂಟಿ ಅಮ್ಮನ ಬಾವಿಯ ನೀರನ್ನೂ. ನೀವು ಜೂನಿನಲ್ಲಿ ಹೊರಟುಹೋಗುತ್ತೀರಿ, ಅವರು ಉಪ್ಪು ನೀರಿನಲ್ಲಿ ಅನ್ನ ಬೇಯಿಸಬೇಕು.

ಹೋಂಸ್ಟೇ ಬೇಡವೆಂದು ನಾನು ಹೇಳುವುದಿಲ್ಲ. ಊರಲ್ಲಿ ಉಳಿದ ಹುಡುಗ ಹುಡುಗಿಯರಿಗೆ ಅದರಿಂದ ಸಂಪಾದನೆ ಇದೆ. ಮೀನು ಸಾರು, ನೀರುದೋಸೆ ಮಾಡಿ ಬಡಿಸುವ ಅಕ್ಕಂದಿರ ಕೈಗೆ ನಾಲ್ಕು ಕಾಸು ಬರುತ್ತದೆ, ದೋಣಿಯವರಿಗೆ ಬಾಡಿಗೆ ಸಿಗುತ್ತದೆ. ಅದು ಬೆಳೆಯಲಿ. ಮುಚ್ಚಿದ ಮನೆ ಬಿದ್ದುಹೋಗುವುದಕ್ಕಿಂತ ತೆರೆದಿರುವುದು ಎಷ್ಟೋ ಮೇಲು. ಆದರೆ ಮನೆಯ ಹೆಸರು ನಿಮ್ಮದಾಗಿರುವಾಗ ಅದರ ನೀರಿನ ಲೆಕ್ಕವನ್ನು ಲೀಸಿಗೆ ಪಡೆದವರ ಮೇಲೆ ಬಿಟ್ಟು ಕೂರಬೇಡಿ. ಕರಾರು ಬರೆಯುವಾಗಲೇ ಈಜುಕೊಳ ಇಲ್ಲ, ಬೋರ್‌ವೆಲ್ ಇಲ್ಲ, ಬೇಸಿಗೆಯಲ್ಲಿ ಇಷ್ಟೇ ಜನ ಎಂದು ಬರೆಸಿ. ಶೌಚದ ಗುಂಡಿ ಬಾವಿಯಿಂದ ಎಷ್ಟು ದೂರ ಇದೆ ಎಂದು ನೀವೇ ನಿಂತು ಅಳೆಯಿರಿ. ಮರಳಿನ ನೆಲದಲ್ಲಿ ಕೊಳಕು ಬಹಳ ಬೇಗ ಸಾಗುತ್ತದೆ.

ಮಾಡಬಹುದಾದ ಕೆಲಸ ನಿಮ್ಮ ತಲೆಯ ಮೇಲೆಯೇ ಇದೆ. ಉಡುಪಿಗೆ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. 1,000 ಚದರ ಅಡಿಯ ಒಂದು ಹಂಚಿನ ಮಾಡಿನ ಮೇಲೆ ಬಿದ್ದ ಮಳೆಯನ್ನಷ್ಟೇ ಕೂಡಿಸಿದರೆ ಮೂರೂವರೆ ಲಕ್ಷ ಲೀಟರಿಗೆ ಮೀರುತ್ತದೆ. ಈಗ ಅದು ಅಂಗಳದಲ್ಲಿ ಹರಿದು ಹೊಳೆಗೆ ಹೋಗುತ್ತದೆ. ಮಾಡಿನ ಅಂಚಿಗೆ ದಂಬೆ ಕಟ್ಟಿ, ಜಲ್ಲಿ ಮರಳಿನ ಸೋಸುಗುಂಡಿಗೆ ಹಾಯಿಸಿ, ಅಲ್ಲಿಂದ ಬಾವಿಗೋ ಪಕ್ಕದ ಇಂಗುಗುಂಡಿಗೋ ಬಿಟ್ಟರೆ ಅದರಲ್ಲಿ ಒಂದು ಪಾಲು ನೆಲದೊಳಗೆ ಉಳಿದು ಉಪ್ಪನ್ನು ಕೆಳಕ್ಕೆ ಒತ್ತುತ್ತದೆ. ಕುದ್ರುವಿನ ಒಂದೆರಡು ಮನೆ ಮಾಡಿದರೆ ಆ ಮನೆಗಳಿಗಷ್ಟೇ ಸ್ವಲ್ಪ ಉಪಕಾರ. ಎಲ್ಲ ಮನೆಗಳೂ ಮಾಡಿದರೆ ಕುದ್ರುವಿಗೇ ಉಪಕಾರ. ಮುಚ್ಚಿದ ಮನೆಗಳ ಮಾಡುಗಳೂ ಇದರಲ್ಲಿ ಸೇರಬೇಕು. ಅವುಗಳ ಬೀಗದ ಕೈ ಇರುವುದು ನಿಮ್ಮ ಬಳಿ.

ತೋಬಾದ ಜನ ನೀರಿನ ವಿಷಯದಲ್ಲಿ ಈಗ ಪಡುತ್ತಿರುವ ಪಾಡು ನಮಗೆ ಪಾಠ. ಅಲ್ಲಿ ಗೂಡುಬಲೆಯಲ್ಲಿ ಮೀನು ಸಾಕುವುದು ಮಿತಿಮೀರಿ, ಹಾಕಿದ ಆಹಾರವೆಲ್ಲ ತಳಕ್ಕಿಳಿದು ನೀರು ಕೆಟ್ಟಿತು. ರಾಶಿ ರಾಶಿ ಮೀನು ಒಟ್ಟಿಗೇ ಸತ್ತದ್ದೂ ಇದೆ. ಅಷ್ಟು ಆಳದ, ಅಷ್ಟು ಅಗಲದ ಸರೋವರಕ್ಕೇ ಈ ಗತಿ. ನಮ್ಮ ಕುದ್ರುವಿನ ಅಡಿಯ ಸಿಹಿನೀರಿಗೆ ಅಂಥ ತಾಳಿಕೆ ಎಲ್ಲಿದೆ?

ಆದ್ದರಿಂದ ನನ್ನ ಸಲಹೆ ಇಷ್ಟು. ಕೋಲಕ್ಕೆ, ಮದುವೆಗೆ ಮೇ ತಿಂಗಳಲ್ಲಿ ಬಂದೇ ಬರುತ್ತೀರಿ, ಬನ್ನಿ. ಆಗ ಕುದ್ರುವಿಗೆ ಹಗಲು ಹೋಗಿ ಸಂಜೆ ಮರಳಿ, ಕುಡಿಯುವ ನೀರು ಜೊತೆಯಲ್ಲಿ ಇರಲಿ. ತಂಗುವ ಪ್ರವಾಸವನ್ನು ಬೇರೆ ರಜೆಗೆ ಇಟ್ಟುಕೊಳ್ಳಿ. ಕರ್ನಾಟಕದಲ್ಲಿರುವವರಿಗೆ ದಸರಾ ರಜೆ, ಮುಂಬಯಿಯವರಿಗೆ ದೀಪಾವಳಿ, ಕೊಲ್ಲಿಯಲ್ಲಿರುವವರಿಗೆ ಡಿಸೆಂಬರ್. ಮಳೆ ನಿಂತು ಬಾವಿಗಳು ತುಂಬಿರುತ್ತವೆ, ಹೊಳೆ ತಿಳಿಯಾಗಿರುತ್ತದೆ. ಮಳೆಗಾಲದಲ್ಲಿ ನಿಂತಿದ್ದ ತೋನ್ಸೆಪಾರಿನ ದೋಣಿಗಳೂ ಮತ್ತೆ ಹೊರಡುತ್ತವೆ. ಬಿಸಿಲು ಕಡಿಮೆ, ಕಲ್ಲಿನ ಮೇಲೆ ಹೆಚ್ಚು ಹೊತ್ತು ಕೂರಬಹುದು. ಜುಲೈ ಆಗಸ್ಟಿನಲ್ಲೇ ರಜೆ ಸಿಗುವ ಕೊಲ್ಲಿಯ ಕುಟುಂಬಗಳು ಕಡಲನ್ನೂ ಕುದ್ರುವನ್ನೂ ಬಿಟ್ಟು ಘಟ್ಟದ ಕಡೆಗೆ ತಿರುಗಿ. ಕಾರ್ಕಳಕ್ಕೆ ಹೋಗಿ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ 42 ಅಡಿಯ ಗೊಮ್ಮಟ ಮಳೆಯಲ್ಲಿ ನೆನೆದು ಕಪ್ಪಾಗಿರುತ್ತಾನೆ. ಆ ಬಂಡೆಯ ವಯಸ್ಸಿನ ಎದುರು ತೋನ್ಸೆಪಾರಿನ ಕಲ್ಲು ಕೂಸು. ಎದುರಿಗೆ ಚತುರ್ಮುಖ ಬಸದಿ, 1586ರದ್ದು. ಅಲ್ಲಿಂದ ಹೆಬ್ರಿ ದಾರಿಯಲ್ಲಿ ವರಂಗ. ಕೆರೆಯ ನಡುವೆ ಬಸದಿ, ಹೋಗಬೇಕಾದರೆ ದೋಣಿಯಲ್ಲೇ ಹೋಗಬೇಕು. ಹಿಂದೆ ಘಟ್ಟದ ಹಸಿರು. ನೀರಿನ ನಡುವೆ ನಿಂತ ಒಂದು ಕಟ್ಟಡವನ್ನು ಊರಿನವರು ಶತಮಾನಗಳಿಂದ ಹೇಗೆ ಉಳಿಸಿಕೊಂಡು ಬಂದರೆಂದು ಮಕ್ಕಳು ಅಲ್ಲಿ ನೋಡಲಿ.

ತೋಬಾಗೆ ಆಮೇಲೆ ಹೋಗಿ. ಸಮೋಸಿರ್‌ನ ಮಕ್ಕಳು ನಿಮ್ಮ ಮಕ್ಕಳಿಗೆ ತಮ್ಮ ಊರಿನ ಬೆಂಕಿಯ ಕತೆ ಹೇಳಿದಾಗ, ಹೇಳಲು ನಿಮ್ಮ ಮಕ್ಕಳ ಬಳಿಯೂ ಒಂದು ಕತೆ ಇರಬೇಕು ಎನ್ನುವುದು ಹಳೆಯ ಮಾಸ್ಟ್ರಾಗಿ ನನ್ನ ಆಸೆ.

ಅದಕ್ಕೆ ಮುಂಚೆ ಒಂದೇ ಒಂದು ಕೆಲಸ. ಈ ಸಲ ಹೊರಡುವ ಮೊದಲು ಮನೆಯ ಮಾಡಿಗೆ ದಂಬೆ ಕಟ್ಟಿಸಿ ಹೋಗಿ. ಕುದ್ರುವಿನಲ್ಲಿ ಮನೆ ಇರುವವರು ಪಕ್ಕದ ಮುಚ್ಚಿದ ಮನೆಯವರಿಗೂ ಫೋನ್ ಮಾಡಿ ಹೇಳಿ. ಕೆಲಸ ಗೊತ್ತಿರುವ ಮೇಸ್ತ್ರಿಗಳು ಕೆಮ್ಮಣ್ಣಿನಲ್ಲೂ ಸಂತೆಕಟ್ಟೆಯಲ್ಲೂ ಸಿಗುತ್ತಾರೆ. ಮಳೆ ಜೂನ್ ಮೊದಲ ವಾರದ ಹೊತ್ತಿಗೆ ಹಿಡಿಯುತ್ತದೆ, ದಂಬೆ ಕಟ್ಟಲು ಮೇ ಕೊನೆಯ ವಾರ ಸಾಕು. ನೀವು ಊರಿನಲ್ಲಿ ಇರುವುದೂ ಆಗಲೇ.

ಇಂತು,
ತೋನ್ಸೆಯಲ್ಲೇ ಉಳಿದಿರುವ ನಿಮ್ಮ ಹಳೆಯ ಭೂಗೋಳ ಮಾಸ್ಟ್ರು